ಮೆಲ್ಲಣ್ಣ ಹೊಡೆದ ಒಂದು ಏಟು

ಬೆಳಗಿನ ಐದೂವರೆ. ನಾಲ್ಕು ಕಿಲೋಮೀಟರ್ ಉದ್ದದ ಉಕ್ಕಿನ ಕೊಳವೆಯ ಪಕ್ಕದಲ್ಲಿ, ರಬ್ಬರ್ ಚಪ್ಪಲಿ ಹಾಕಿಕೊಂಡವರೊಬ್ಬರು ಕಳ್ಳಹೆಜ್ಜೆ ಇಡುತ್ತಾ ನಡೆಯುತ್ತಿದ್ದಾರೆ. ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಕೋಲು. ಕೊಳವೆಯ ಕಾಂಕ್ರೀಟ್ ಹೊದಿಕೆಯಲ್ಲಿ ಬಿರುಕು, ಇಲಿಬಿಲ, ಕಣಜದ ಗೂಡು ಹುಡುಕುವುದು ಅವರ ಕೆಲಸ. ಕೆಮ್ಮು ಬಂದರೆ ಟವೆಲ್ಲನ್ನು ಬಾಯಿಗೆ ಒತ್ತಿಕೊಳ್ಳುತ್ತಾರೆ. ಇಂಥ ಎರಡು ಕೊಳವೆಗಳ ಉದ್ದಕ್ಕೂ ಹೋಗಿ ಬಂದರೆ ದಿನಕ್ಕೆ ಹದಿನಾರು ಕಿಲೋಮೀಟರ್. ಹತ್ತೊಂಬತ್ತು ವರ್ಷ ಹೀಗೆ ನಡೆದು ಮಂಡಿ ಸವೆದಿದೆ, ‘ಮೆಲ್ಲಣ್ಣ’ ಎಂಬ ಹೆಸರು ಉಳಿದಿದೆ.

ಕೋಟ್ಯಂತರ ವರ್ಷಗಳ ಹಿಂದೆ ಎರಡು ಕಪ್ಪುಕುಳಿಗಳು ಸುತ್ತಿ ಸುತ್ತಿ ಒಂದಾದಾಗ ಎದ್ದ ಗುರುತ್ವದ ಅಲೆ ಈಗ ಭೂಮಿಯನ್ನು ಹಾದುಹೋಗುತ್ತದೆ, ಅದೂ ಕಣ್ಣು ಮಿಟುಕಿಸುವಷ್ಟು ಹೊತ್ತು. ಕೊಳವೆಯೊಳಗಿನ ಲೇಸರ್ ಬೆಳಕಿನಿಂದ ಇಲ್ಲಿನ ಯಂತ್ರ ಅದನ್ನು ಹಿಡಿಯಬೇಕು. ಪಕ್ಕದಲ್ಲಿ ಯಾರಾದರೂ ಧಡಧಡ ನಡೆದರೂ ಯಂತ್ರ ಕಂಗೆಡುತ್ತದೆ. ಮತ್ತೆ ಹದಕ್ಕೆ ಬರಲು ಮುಕ್ಕಾಲು ಗಂಟೆ ಬೇಕು.

“ಮನೇಲೂ ಬೆಕ್ಕಿನ ಹಾಗೆ ಬಂದು ಹಿಂದೆ ನಿಂತಿರ್ತಾರೆ. ಬೆಚ್ಚಿಬಿದ್ದು ಎಷ್ಟು ಲೋಟ ಒಡೆದಿದೀನೋ,” ಎಂದು ಅವರ ಹೆಂಡತಿ ನಗುತ್ತಾರೆ.

ಮೆಲ್ಲಣ್ಣ ನಗುವುದಿಲ್ಲ. ಪತ್ರಿಕೆಯವರಾದ ನಾವು ತಮ್ಮ ಬಗ್ಗೆ ಬರೆಯುತ್ತೇವೆಂದು ತಿಳಿದ ದಿನದಿಂದ ಅವರಿಗೆ ಊಟ ಸೇರಿಲ್ಲ. ಹೊಗಳಿದಷ್ಟೂ ತಲೆ ತಗ್ಗಿಸುತ್ತಾರೆ. ಸುತ್ತು ಮುಗಿಯುವ ಹೊತ್ತಿಗೆ, ಜೊತೆಗೆ ನಡೆದ ನಮ್ಮೆದುರು ಒಳಗಿದ್ದದ್ದು ಹೊರಬೀಳುತ್ತದೆ.

ಮೂರು ವರ್ಷದ ಹಿಂದೆ ಹೆಂಡತಿಯ ಅಣ್ಣ ಬಂದಿದ್ದರು. ಜಂಬ ಕೊಚ್ಚಿಕೊಳ್ಳಲು ಮೆಲ್ಲಣ್ಣ ಅವರನ್ನು ಬೆಳಗಿನ ಸುತ್ತಿಗೆ ಕದ್ದು ಕರೆತಂದರು. ಇಷ್ಟು ದೊಡ್ಡ ಯಂತ್ರಕ್ಕೆ ನಿನ್ನ ಹೆಜ್ಜೆ ಕೇಳುತ್ತದೆಯೇ ಎಂದು ಭಾವ ಗೇಲಿ ಮಾಡಿದರು. ರೋಷ ಬಂತು. ಹೊದಿಕೆಯ ಮೇಲೆ ಕೋಲಿನಿಂದ ಒಂದೇ ಏಟು. ಕೊಳವೆಯ ಕೊನೆಯಲ್ಲಿರುವ ಕಟ್ಟಡದ ಹಸಿರು ದೀಪ ಕೆಂಪಾಯಿತು, ಯಂತ್ರ ಕಂಗೆಟ್ಟಿತ್ತು. ಭಾವ ಬೆರಗಾಗಿ ಬೆನ್ನು ತಟ್ಟಿದರು.

ಆ ಮುಕ್ಕಾಲು ಗಂಟೆಯಲ್ಲೇ ಅಲೆ ಬಂದು ಹೋಯಿತು. ದೂರದೇಶಗಳ ಎರಡು ಯಂತ್ರಗಳಿಗೆ ಅದು ಸಿಕ್ಕಿತು. ಇದಕ್ಕೂ ಸಿಕ್ಕಿದ್ದರೆ ಆಕಾಶದ ಯಾವ ಮೂಲೆಯಿಂದ ಬಂತೆಂದು ಬೆರಳಿಟ್ಟು ತೋರಿಸಬಹುದಿತ್ತು. ಯಂತ್ರದ ಉಸ್ತುವಾರಿ ಹೊತ್ತ ಮೇಡಂ ರಿಜಿಸ್ಟರಿನಲ್ಲಿ ‘ಕಾರಣ: ಗಾಳಿ ಇರಬಹುದು’ ಎಂದು ಬರೆದು ಕಣ್ಣೊರೆಸಿಕೊಂಡರು. ಅವರಿಗೆ ಟೀ ತಂದುಕೊಟ್ಟದ್ದು ಮೆಲ್ಲಣ್ಣನೇ. ನಿಮ್ಮಂಥವರು ಇರುವುದರಿಂದ ಇಷ್ಟಾದರೂ ನಡೆಯುತ್ತಿದೆ ಎಂದು ಮೇಡಂ ಸಮಾಧಾನದ ಮಾತಾಡಿದರು.

“ಅವತ್ತು ಬೈದಿದ್ರೆ ಬದುಕ್ಕೊಳ್ತಿದ್ದೆ. ಈಗ ನೀವೂ ಹೊಗಳಿ ಬರೆದ್ರೆ ಮಕ್ಕಳಿಗೆ ಮುಖ ಹೇಗೆ ತೋರಿಸಲಿ?” ಎನ್ನುತ್ತಾರೆ ಮೆಲ್ಲಣ್ಣ.

ಹತ್ತು ಗಂಟೆಗೆ ಅವರು ಮೇಡಂ ಕೋಣೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಾರೆ. ನಿಂತೇ ಎಲ್ಲವನ್ನೂ ಹೇಳುತ್ತಾರೆ. ಮೇಡಂ ಎದ್ದು ಕಪಾಟಿನಿಂದ ಹಳೆಯ ರಿಜಿಸ್ಟರ್ ತೆಗೆದು ಆ ಪುಟ ಬಿಡಿಸುತ್ತಾರೆ. ಕೆಲಸ ಉಳಿಯುತ್ತದೋ ಹೋಗುತ್ತದೋ ಮೆಲ್ಲಣ್ಣನಿಗೆ ಗೊತ್ತಿಲ್ಲ. ಅವರು ಕೇಳುವುದು ಒಂದೇ.

“ಗಾಳಿ ಅಂತ ಇರೋದನ್ನ ಹೊಡೆದುಹಾಕಿ ನನ್ನ ಹೆಸರು ಬರೀರಿ ಮೇಡಂ. ಅವತ್ತು ಒಂದು ಎಲೆಯೂ ಅಲ್ಲಾಡ್ತಿರಲಿಲ್ಲ.”