ತುಪ್ಪಳದ ಮೊಲ ಸಾಕೋಕೆ ಹೊರಟ ಆನ್ಸೆಲ್ಮ್ ಅಂಕಲ್

ದುಬೈ ಬಿಸಿಲಲ್ಲಿ ದಿನಾ ಸ್ವೆಟರ್ ತಗೊಂಡು ಕೆಲಸಕ್ಕೆ ಹೋಗೋರು ಯಾರಾದ್ರೂ ಇದ್ದಾರಾ? ಇದ್ದಾರೆ! ಅಲ್ ನಹ್ದಾದಲ್ಲಿ ನಮ್ಮ ಎದುರು ಫ್ಲ್ಯಾಟಿನ ಆನ್ಸೆಲ್ಮ್ ಅಂಕಲ್. ದೇರಾದಲ್ಲಿ ರಷ್ಯನ್ ಟೂರಿಸ್ಟ್‌ಗಳಿಗೆ ತುಪ್ಪಳದ ಕೋಟು ಮಾರೋ ಅಂಗಡಿ ಇದೆಯಲ್ಲ, ಅಲ್ಲಿ ಕೋಟುಗಳನ್ನ ಹಾಳಾಗದ ಹಾಗೆ ತಣ್ಣಗಿಡೋ ಕೋಲ್ಡ್ ರೂಮ್ ನೋಡ್ಕೊಳ್ಳೋದು ಇವರೇ, ಹನ್ನೆರಡು ವರ್ಷದಿಂದ. ಕೋಟಿನ ಮೇಲೆ ಉಫ್ ಅಂತ ಊದ್ತಾರೆ, ಮೇಲಿನ ಕೂದಲು ಸರಿದಾಗ ಒಳಗೆ ಕಾಣೋ ಮೆತ್ತನೆ ತುಪ್ಪಳ ನೋಡಿ ಮಾಲು ಹೇಗಿದೆ ಅಂತ ಹೇಳಿಬಿಡ್ತಾರೆ. ಸಖತ್ ಅಲ್ವಾ!

ಆ ಅಂಗಡೀಲಿ ಅವರಿಗೊಂದು ಹಳೇ ಅಮೆರಿಕನ್ ಪುಸ್ತಕ ಸಿಕ್ತು. ನರಿ, ಮಿಂಕ್ ಎಲ್ಲಾ ಸಾಕಿ ತುಪ್ಪಳದಿಂದ ಲಾಭ ಮಾಡೋದು ಹೇಗೆ ಅಂತ ನೂರು ವರ್ಷದ ಹಿಂದೆ ಯಾರೋ ಬರೆದದ್ದು. ಅದನ್ನ ಓದಿ ಅಂಕಲ್‌ಗೂ ಹುಚ್ಚು ಹಿಡೀತು. ನಮ್ಮೋರಿಗೆ ಕನ್ನಡದಲ್ಲೇ ಒಂದು ಪುಸ್ತಕ ಬರೀಬೇಕು, ಕೂದಲು ಕತ್ತರಿಸಿ ಮಾರೋ ಅಂಗೋರಾ ಮೊಲದ ಬಗ್ಗೆ. ಟೈಪ್ ಮಾಡೋದು ನಾನು!

ತೆರೆಸಾ ಆಂಟಿ, ಅವರ ಹೆಂಡತಿ, ಆಸ್ಪತ್ರೇಲಿ ನರ್ಸ್. ಅವರು ಬಿಡ್ಬೇಕಲ್ಲ!

"ಜೀವ ಇರುವ ಮೊಲ ಒಂದನ್ನಾದ್ರೂ ಮುಟ್ಟಿದ್ದೀರಾ ಮಾರಾಯ್ರೆ? ಮೊದಲು ಒಂದು ಜೋಡಿ ಸಾಕಿ ತೋರಿಸಿ. ಅವು ಈ ಬೇಸಿಗೆ ದಾಟಿದ್ರೆ ಪುಸ್ತಕ ಪ್ರಿಂಟಿಗೆ. ಇಲ್ಲದಿದ್ರೆ ಖಲಾಸ್!"

ಶಾರ್ಜಾ ಮಾರ್ಕೆಟ್ಟಿಂದ ಜೋಡಿ ಬಂತು. ಚಿಕ್ಕ ಬೆಡ್‌ರೂಮು, ಫುಲ್ ಏಸಿ, ಬಾಗಿಲು ಬಂದ್. ಎರಡೇ ದಿನ, ಮೊಲಗಳು ತಿನ್ನೋದೇ ಬಿಟ್ಟವು. ಅಂಕಲ್ ಮುಖ ನೋಡೋಕಾಗ್ತಿರಲಿಲ್ಲ.

ಡ್ಯೂಟಿ ಮುಗಿಸಿ ಬಂದ ಆಂಟಿ ಬಾಗಿಲು ತೆಗೆದು ಮೂಗು ಮುಚ್ಚಿಕೊಂಡ್ರು. "ಇದೆಂತ ವಾಸನೆ?"

"ನುಸಿಗುಳಿಗೆ. ನಾಲ್ಕು ಮೂಲೆಗೂ ಇಟ್ಟಿದ್ದೇನೆ. ತುಪ್ಪಳ ಅಲ್ವಾ, ನುಸಿ ಹಿಡೀತದೆ."

"ಅಯ್ಯೋ ದೇವರೇ! ಇದು ಕೋಟಲ್ಲ ಮಾರಾಯ್ರೆ, ಉಸಿರಾಡ್ತದೆ!"

ಮೊಲ ಎರಡನ್ನೂ ಎತ್ಕೊಂಡು ಹಾಲ್‌ಗೆ ಓಡಿದ್ರು. ಸಿರಿಂಜಲ್ಲಿ ಹನಿ ಹನಿ ನೀರು, ಕೊತ್ತಂಬರಿ ಸೊಪ್ಪು ಒಂದೊಂದೇ ಎಲೆ. ಮೂರನೇ ದಿನ ದೊಡ್ಡದು ತಾನೇ ಬಾಯಿ ಹಾಕಿ ಎಲೆ ಎಳ್ಕೊಂಡ್ತು ನೋಡಿ, ನಾನಂತೂ ಕುಣಿದುಬಿಟ್ಟೆ!

ಸೆಪ್ಟೆಂಬರ್ ಬರೋಷ್ಟರಲ್ಲಿ ಎರಡೂ ಹತ್ತಿ ಉಂಡೆ ಹಾಗೆ ದುಂಡಗೆ. ಅಂಕಲ್ ಹೆದರುತ್ತಾ ಹಾಳೆಗಳನ್ನ ಆಂಟಿ ಮುಂದಿಟ್ರು. ಆಂಟಿ ಕನ್ನಡಕ ಹಾಕ್ಕೊಂಡು ಪೂರಾ ಓದಿದ್ರು.

"ಆಹಾರದ ಅಧ್ಯಾಯ ಬರೀ ಬೊಗಳೆ. ನಾನು ಹೇಳ್ತೇನೆ, ನೀವು ಬರೀರಿ."

"ಆಮೇಲೆ ಪ್ರಿಂಟಿಗೆ?"

"ಯಲ್ಲಾ, ನಡೀರಿ, ಕಳಿಸಿ. ಆದ್ರೆ ಇಬ್ಬರ ಹೆಸರೂ ಬೇಕು."

ಅಂಕಲ್ ಎಷ್ಟು ನಕ್ಕರು ಅಂದ್ರೆ ಕಣ್ಣಲ್ಲಿ ನೀರು! ನಾನು 'ಆನ್ಸೆಲ್ಮ್ ಮತ್ತು ತೆರೆಸಾ' ಅಂತ ಟೈಪ್ ಮಾಡಿದೆ. ಅಂಕಲ್ ಬಗ್ಗಿ ನೋಡಿ ತಲೆ ಅಲ್ಲಾಡಿಸಿದ್ರು.

"ಉಲ್ಟಾ ಹಾಕು ಮಗಾ. ಬದುಕಿಸಿದ್ದು ಅವಳು."