ಉಪ್ಪು ಹಾಕಿದ ಐಸು

ಹೆತ್ತವರು ಇಟ್ಟ ಹೆಸರು ಅವನ ಲೈಸೆನ್ಸಿನಲ್ಲಿ ಬಿಟ್ಟರೆ ಇನ್ನೆಲ್ಲೂ ಇರಲಿಲ್ಲ. ಮೀನಿನ ಕ್ರೇಟು ಎಳೆಯುವ ಕಬ್ಬಿಣದ ಕೊಕ್ಕೆ ಸದಾ ಸೊಂಟದಲ್ಲಿರುತ್ತಿತ್ತು, ಅದೇ ಹೆಸರಾಯಿತು. ಮೀನು ಕಂಪನಿಯ ಲಾರಿ ಓಡಿಸಿದ ಇಪ್ಪತ್ತೆರಡು ವರ್ಷಗಳಲ್ಲಿ ಕೊಕ್ಕೆ ಜಗಳಕ್ಕೆ ಬಿದ್ದು ಎರಡು ಹಲ್ಲು ಕಳೆದುಕೊಂಡಿದ್ದ. ಊರವರ ಬಾಯಿಂದ ಎಷ್ಟು ಉದುರಿಸಿದ್ದನೋ ದೇವರೇ ಬಲ್ಲ. "ಎಲ್ಲರಿಗೂ ಬಾಯಿ ಮಾತಾಡುತ್ತೆ, ನಿಮಗೆ ಕೈ ಮಾತಾಡುತ್ತೆ" ಎಂದು ಹೆಂಡತಿ ಹಂಗಿಸಿದರೆ ಅದನ್ನೂ ಹೊಗಳಿಕೆಯೆಂದೇ ತಿಳಿಯುವ ಆಸಾಮಿ.

ಬೆಟ್ಟದ ಹಳ್ಳಿಗಳಿಗೆ ಔಷಧಿ ಸಾಗಿಸುವ ಕೆಲಸವನ್ನು ಸರ್ಕಾರ ಮೀನು ಕಂಪನಿಗೆ ಕೊಟ್ಟಿತು. ಹೇಗೂ ಲಾರಿ ವಾರಕ್ಕೆರಡು ಸಲ ಮೇಲೆ ಹೋಗುತ್ತದೆ, ಹೇಗೂ ತಂಪು ಪೆಟ್ಟಿಗೆಗಳಿವೆ. ಅದುವರೆಗೆ ಆ ಕೆಲಸ ಮಾಡುತ್ತಿದ್ದ ಜೀಪಿನವರಿಗೆ ಹೊಟ್ಟೆಯ ಮೇಲೆ ಹೊಡೆದಂತಾಯಿತು. ಅವರು ಸೇತುವೆಗೆ ಅಡ್ಡಲಾಗಿ ಕಲ್ಲಿಟ್ಟು ಕೂತರು. ಎರಡು ಲಾರಿಗಳು ಗಾಜು ಒಡೆಸಿಕೊಂಡು ವಾಪಸಾದವು. ಹತ್ತು ದಿನ ಮೇಲಕ್ಕೆ ಒಂದು ಮಾತ್ರೆಯೂ ಹೋಗಲಿಲ್ಲ.

ಕೊನೆಯ ಹಳ್ಳಿಯ ಆಸ್ಪತ್ರೆಯ ನರ್ಸಮ್ಮನಿಗೆ ಒಂಬತ್ತು ವರ್ಷದ ಮಗಳು. ಸಕ್ಕರೆ ಕಾಯಿಲೆ, ದಿನಾ ಇನ್ಸುಲಿನ್ ಚುಚ್ಚಲೇಬೇಕು. ಕೊಕ್ಕೆಯನ್ನು ಮಾವ ಎಂದು ಕರೆದು, ಅವನ ಸೊಂಟದಿಂದ ಕೊಕ್ಕೆ ಕಿತ್ತುಕೊಂಡು ಆಡುವಷ್ಟು ಧೈರ್ಯವಿದ್ದ ಜೀವ ಅದೊಂದೇ.

ಬೆಳಿಗ್ಗೆ ನರ್ಸಮ್ಮನ ಫೋನು ಬಂತು. "ಅಣ್ಣಾ, ಬಾಟ್ಲಿ ನಿನ್ನೇನೇ ಖಾಲಿ. ಇವತ್ತು ಬರ್ಲಿಲ್ಲ ಅಂದ್ರೆ ಮಗು ಉಳಿಯಲ್ಲ."

"ಬರ್ತೀನಿ. ಯಾವನ್ ತಡೀತಾನೆ ನೋಡ್ತೀನಿ."

ಔಷಧಿ ಪೆಟ್ಟಿಗೆಯ ಮೇಲೆ ಚೀಟಿ ಅಂಟಿಸಿತ್ತು: ತಂಪಾಗಿರಲಿ, ಐಸು ತಾಗದಿರಲಿ. ಕೊಕ್ಕೆ ನಕ್ಕ. ಐಸಿನ ವಿಷಯ ಅವನಿಗೆ ಹೇಳಿಕೊಡುವುದೆಂದರೆ ಮೀನಿಗೆ ಈಜು ಕಲಿಸಿದಂತೆ. ಪೆಟ್ಟಿಗೆ ತುಂಬ ಪುಡಿ ಐಸು ತುಂಬಿ, ಮೇಲೆ ಎರಡು ಬೊಗಸೆ ಕಲ್ಲುಪ್ಪು ಸುರಿದ. ಉಪ್ಪು ಬಿದ್ದರೆ ಐಸು ಇನ್ನೂ ಕೊರೆಯುತ್ತದೆ, ಮೀನು ಕಲ್ಲಾಗಿ ಸೆಟೆಯುತ್ತದೆ. ದೂರ ಹೋಗುವ ದುಬಾರಿ ಮೀನಿಗಷ್ಟೇ ಮಾಡುವ ಉಪಚಾರ ಅದು. ಈ ಮಗುವಿಗಲ್ಲದೆ ಇನ್ಯಾರಿಗೆ ಮಾಡಬೇಕು?

ಸೇತುವೆಯ ಅಂಚಿಗೆ ಜೀಪು, ಬೈಕು ನಿಲ್ಲಿಸಿಕೊಂಡು ಜೀಪಿನವರು ಮೂವರು ಕಾದಿದ್ದರು. ಅವರ ಮುಂದಾಳನ್ನು ಎಲ್ಲರೂ ದಡಿಯ ಅನ್ನುತ್ತಿದ್ದರು. ಮೊದಲ ಕಲ್ಲಿಗೆ ಲಾರಿಯ ಗಾಜು ಹೋಯಿತು, ಎರಡನೆಯದು ಕೊಕ್ಕೆಯ ಹಣೆ ಒಡೆಯಿತು. ಅವನು ಕೆಳಗಿಳಿದ. ಒಬ್ಬನ ಮುಖವನ್ನು ಬಂಪರಿಗೆ ಜಜ್ಜಿದಾಗ ಮೂಗು ಮುರಿದ ಸದ್ದು ಚೆನ್ನಾಗಿಯೇ ಕೇಳಿಸಿತು. ಇನ್ನೊಬ್ಬನ ತೊಡೆಗೆ ಕೊಕ್ಕೆ ಹಾಕಿ ಕ್ರೇಟು ಎಳೆದಂತೆ ಎಳೆದ. ಅಷ್ಟರಲ್ಲಿ ದಡಿಯ ಕಬ್ಬಿಣದ ರಾಡಿನಿಂದ ರೇಡಿಯೇಟರ್ ಒಡೆದು, ಕ್ಯಾಬಿನ್ನಿನ ಒಳಗಿದ್ದ ಪೆಟ್ಟಿಗೆಗೆ ಕೈ ಹಾಕಿದ್ದ. ಕೊಕ್ಕೆ ಆ ಕೈಯ ಮೇಲೆ ಬಾಗಿಲು ಜಡಿದ. ಒಂದಲ್ಲ, ಮೂರು ಸಲ. ಮೂರನೆಯದು ಬೇಕಿರಲಿಲ್ಲ, ಅದು ಬರೀ ಖುಷಿಗೆ. ಉಳಿದಿಬ್ಬರು ಬೈಕು ಹತ್ತಿ ಕಾಲಿಗೆ ಬುದ್ಧಿ ಹೇಳಿದರು.

ಕಲ್ಲು ಉರುಳಿಸಿ ಹೊರಟ ಲಾರಿ ಒಂದೂವರೆ ಮೈಲಿ ಹೊಗೆಯುಗುಳಿ ಆಸ್ಪತ್ರೆಯ ಬಾಗಿಲಲ್ಲೇ ಸತ್ತಿತು. ಕೊಕ್ಕೆ ರಕ್ತ ಒರೆಸಿಕೊಳ್ಳದೆ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟ. ನರ್ಸಮ್ಮ ತೆರೆದಳು. ಬಾಟಲಿಗಳೆಲ್ಲ ಗಟ್ಟಿಯಾಗಿದ್ದವು.

"ಏನ್ ಹಾಕಿದ್ದೆ ಇದ್ರೊಳಗೆ?"

"ಐಸು, ಐಸಿಗೆ ಉಪ್ಪು. ಬಿಸಿಲಿಗಿಡಿ, ಕರಗುತ್ತೆ."

"ಕರಗಿದ್ರೂ ಸತ್ತಿದೆ ಇದು! ಒಂದ್ಸಲ ಹೆಪ್ಪುಗಟ್ಟಿದ್ರೆ ನೀರು ಚುಚ್ಚಿದ ಹಾಗೇನೆ!" ಎಂದವಳೇ ಅವನ ಕೆನ್ನೆಗೆ ಬಾರಿಸಿದಳು. ಮೂವರ ಕಲ್ಲು, ರಾಡಿಗೆ ಬಗ್ಗದವನು ಆ ಏಟಿಗೆ ಬೆಂಚಿನ ಮೇಲೆ ಕುಸಿದ.

ಮಗು ಆಗಲೇ ನಾಲ್ಕು ಸಲ ವಾಂತಿ ಮಾಡಿತ್ತು, ಏದುಸಿರು ಬಿಡುತ್ತಿತ್ತು. ಪೇಟೆಯ ಆಸ್ಪತ್ರೆಗೆ ಈಗಲೇ ಸೇರಿಸಬೇಕು. ಹತ್ತಿರದಲ್ಲಿದ್ದ ವಾಹನ ಒಂದೇ, ಸೇತುವೆಯ ಬಳಿಯ ಜೀಪು. ಕೊಕ್ಕೆ ಮಗುವನ್ನು ತಬ್ಬಿ ಎತ್ತಿಕೊಂಡು ಓಡಿದ, ಹಿಂದೆ ನರ್ಸಮ್ಮ.

ಊದಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಜೀಪಿಗೆ ಒರಗಿ ಕೂತಿದ್ದ ದಡಿಯ, ಇವನನ್ನು ಕಂಡದ್ದೇ ಎಡಗೈಯಲ್ಲಿ ರಾಡು ಹಿಡಿದು ಎದ್ದ.

"ಹೊಡಿ," ಅಂದ ಕೊಕ್ಕೆ. "ಮಗೂಗೆ ತಾಗದ ಹಾಗೆ ಹೊಡಿ. ಆಮೇಲೆ ಜೀಪು ಕೊಡು."

ದಡಿಯ ಹೊಡೆದೇಬಿಟ್ಟ. ರಾಡು ಬಲಗಿವಿಯ ಮೇಲೆ ಬಿತ್ತು. ಕೊಕ್ಕೆಯ ಮೊಣಕಾಲು ನೆಲ ಮುಟ್ಟಿತು, ಮಗುವನ್ನು ಹಿಡಿದ ಕೈ ಸಡಿಲವಾಗಲಿಲ್ಲ. ಎರಡನೆಯ ಏಟಿಗೆ ಎತ್ತಿದ ರಾಡು ಮೇಲೇ ನಿಂತಿತು. ಮಗು ಅರೆಗಣ್ಣು ತೆರೆದು ದಡಿಯನನ್ನೇ ನೋಡುತ್ತಿತ್ತು.

"ಏನಾಗಿದೆ ಇದಕ್ಕೆ?"

"ಔಷಧಿ ಇಲ್ಲದೆ ಸಾಯ್ತಿದೆ," ಅಂದಳು ನರ್ಸಮ್ಮ.

ದಡಿಯ ರಾಡು ಬಿಸಾಡಿ ಕೀ ಎಸೆದ. "ನನ್ ಕೈ ಮುರ್ದಿದೀಯಲ್ಲ ಹಾಳಾದೋನೇ, ನೀನೇ ಓಡ್ಸು."

ಕೊಕ್ಕೆ ಓಡಿಸಿದ. ಕಿವಿಯಿಂದ ರಕ್ತ ಅಂಗಿಯೊಳಗೆ ಇಳಿಯುತ್ತಿತ್ತು. ನಾಲ್ಕು ತಿರುವು ದಾಟಿದ ಮೇಲೆ ಪಕ್ಕದಲ್ಲಿದ್ದ ದಡಿಯ ಮೆಲ್ಲಗೆ ಕೇಳಿದ:

"ನಾನು ಪೆಟ್ಟಿಗೆಗೆ ಕೈ ಹಾಕ್ದಾಗ ಬಾಟ್ಲಿ ಒಡೀತಾ? ನನ್ನಿಂದ್ಲಾ ಇದು?"

ಹೌದು ಅಂದುಬಿಡಬಹುದಿತ್ತು. ಹಿಂದೆ ನರ್ಸಮ್ಮ ಮಡಿಲಲ್ಲಿದ್ದ ಮಗುವಿನ ನಾಡಿ ಹಿಡಿದು ಕೂತಿದ್ದಳು.

"ಅಲ್ಲ," ಅಂದ ಕೊಕ್ಕೆ. "ನೀನು ಒಡೀಲಿಲ್ಲ. ನಾನೇ ಉಪ್ಪು ಹಾಕಿ ಕೆಡಿಸ್ದೆ."

"ಹತ್ತು ದಿನ ತಡೆದಿದ್ದು ನಾವಲ್ವಾ," ಎಂದು ದಡಿಯ ಗೊಣಗಿದ. ಆಮೇಲೆ, "ತಿರುವಲ್ಲಿ ನಿಧಾನ. ಮಗು ತಲೆ ಬಡಿಯುತ್ತೆ."

ಮಗು ಉಳಿಯಿತು, ಕೊಕ್ಕೆಯ ಬಲಗಿವಿ ಉಳಿಯಲಿಲ್ಲ. ಈಗಲೂ ಪೆಟ್ಟಿಗೆ ತರುವವನು ಅವನೇ. ಹುಡುಗಿ ಒಂದೊಂದೇ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಅಲುಗಾಡಿಸಿ ನೋಡುತ್ತಾಳೆ. ಅವಳು ಸರಿಯಿದೆ ಎಂದು ತಲೆಯಾಡಿಸುವ ತನಕ ಅವನು ಹೊಸ್ತಿಲ ಆಚೆ, ಕೈ ಕಟ್ಟಿಕೊಂಡು ನಿಂತಿರುತ್ತಾನೆ.