ಕ್ಯಾಮೆರಾ ಹುಡುಕಿಕೊಂಡು ಬೋನಾಳದವರೆಗೆ

ಶನಿವಾರ ರಾಯಚೂರಿನಿಂದ ಹೊರಟ ರೈಲು ಯಾದಗಿರಿ ತಲುಪಿದಾಗ ಬೆಳಿಗ್ಗೆ ಎಂಟೂವರೆ. ನನ್ನ ಚೀಲದಲ್ಲಿ ಎರಡು ಜೊತೆ ಬಟ್ಟೆ, ಲ್ಯಾಪ್‌ಟಾಪ್, ಟವೆಲಿನಲ್ಲಿ ಸುತ್ತಿದ ಒಂದು ಪುಟ್ಟ ಯಂತ್ರ ಇದ್ದವು. ಯಂತ್ರ ನನ್ನದಲ್ಲ, ಗೆಳತಿ ರತ್ನಾಳದು.

ರತ್ನಾಳಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಮನೆ ಸುರಪುರದ ಹತ್ತಿರದ ಬೋನಾಳದಲ್ಲಿ, ಅಲ್ಲಿಂದ ಆಚೆಯ ಊರೊಂದರ ಶಾಲೆಯಲ್ಲಿ ಕನ್ನಡ ಕಲಿಸುತ್ತಾಳೆ. ಈ ಯಂತ್ರವನ್ನು ಪುಸ್ತಕದ ಮೇಲೆ ಹಿಡಿದರೆ ಅದರ ಕ್ಯಾಮೆರಾ ಪುಟವನ್ನು ನೋಡುತ್ತದೆ, ಯಂತ್ರ ಕಿವಿಗೆ ಓದಿ ಹೇಳುತ್ತದೆ. ಅದು ಮೇಜಿನಿಂದ ಬಿದ್ದು ಕ್ಯಾಮೆರಾ ಒಡೆದಿತ್ತು. ತಯಾರಿಸಿದ ಕಂಪನಿಯೇ ಮುಚ್ಚಿಹೋಗಿದೆ. ಶಾಲೆಗೆ ಹೊಸ ಪಠ್ಯಪುಸ್ತಕ ಬಂದಿತ್ತು, ಬ್ರೈಲ್ ಪ್ರತಿ ಬಂದಿರಲಿಲ್ಲ. ಸೋಮವಾರದೊಳಗೆ ಯಂತ್ರ ಸರಿಯಾಗದಿದ್ದರೆ ಅವಳ ತರಗತಿ ಬೇರೆಯವರಿಗೆ, ಅವಳಿಗೆ ಕಚೇರಿಯ ಫೋನು ಎತ್ತುವ ಕೆಲಸ ಎಂದು ಹೆಡ್‌ಮಾಸ್ತರರು ಹೇಳಿದ್ದರು.

ನಾನು ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುವವಳು. ರತ್ನಾ ಬಸ್ಸಿನಲ್ಲಿ ಕಳಿಸಿದ್ದ ಯಂತ್ರವನ್ನು ಬಿಚ್ಚಿ ನೋಡಿದರೆ ಒಳಗಿದ್ದದ್ದು ಮೊಬೈಲ್ ಕ್ಯಾಮೆರಾ! ಹಳೆಯ ಒಂದು ಮಾದರಿ ಫೋನಿನಲ್ಲೂ ಇದೇ ಬರುತ್ತಿತ್ತು. ಮೊಬೈಲಿನ ಬಿಡಿಭಾಗಗಳನ್ನು ಒಬ್ಬೊಬ್ಬರು ಒಂದೊಂದು ಕಡೆ ಮಾಡುತ್ತಾರೆ. ಆದ್ದರಿಂದ ಕ್ಯಾಮೆರಾ ಚಿತ್ರವನ್ನು ಎಷ್ಟು ತಂತಿಗಳಲ್ಲಿ, ಯಾವ ಕ್ರಮದಲ್ಲಿ ಕಳಿಸಬೇಕು ಎಂದು ಕಂಪನಿಗಳೆಲ್ಲ ಸೇರಿ ಒಂದು ನಿಯಮ ಮಾಡಿಕೊಂಡಿವೆ. ಹದಿನೆಂಟು ವರ್ಷ ಆ ಪಾಠವನ್ನು ಬೋರ್ಡಿನ ಮೇಲೆ ಬರೆದು ಒರೆಸಿದ್ದೆ. ಅದನ್ನು ನಂಬಿ ಊರೂರು ತಿರುಗಲು ಹೊರಟದ್ದು ಇದೇ ಮೊದಲು.

ಯಾದಗಿರಿ ಸ್ಟೇಷನ್ ರಸ್ತೆಯಲ್ಲಿ ಮಂಡಕ್ಕಿ ವಗ್ಗರಣಿ, ಮಿರ್ಚಿ ತಿಂದು ಅಂಗಡಿಗಳು ತೆರೆಯುವವರೆಗೆ ಕಾದೆ. ಮೂರು ಅಂಗಡಿ ಸುತ್ತಿದೆ. ಎರಡರಲ್ಲಿ ತಲೆ ಅಲ್ಲಾಡಿಸಿದರು. ಮೂರನೆಯವನು ಮಾತ್ರ, "ಅಷ್ಟು ಹಳೀ ಫೋನು ಬೇಕಂದ್ರ ಶಹಾಪುರಕ್ಕ ಹೋಗ್ರಿ. ಚಾಂದಸಾಬರ ಹತ್ರ ಸತ್ತ ಮೊಬೈಲಿನ ಚೀಲಾನ ಅದಾವ" ಎಂದ.

ಶಹಾಪುರದ ಬಸ್ಸು ಹತ್ತಿ, ಆಧಾರ್ ತೋರಿಸಿ ಹೆಂಗಸರ ಉಚಿತ ಟಿಕೆಟ್ ಹರಿಸಿಕೊಂಡೆ. ಊರು ದಾಟುತ್ತಲೇ ಭೀಮಾ ನದಿ, ಆಮೇಲೆ ಹತ್ತಿ, ತೊಗರಿ. ಶಹಾಪುರದ ಗುಡ್ಡ ಕಾಣಿಸಿದಾಗ, ಮಲಗಿದ ಬುದ್ಧನಂತೆ ಕಾಣುವ ಅದರ ಆಕಾರ ನೋಡಲು ಎಲ್ಲರಂತೆ ನಾನೂ ಕಿಟಕಿಗೆ ಬಾಗಿದೆ.

ಚಾಂದಸಾಬರು ಅರವತ್ತು ದಾಟಿದವರು. ನನ್ನ ಮಾತು ಕೇಳಿ ಎರಡು ಗೋಣಿಚೀಲಗಳನ್ನು ನೆಲಕ್ಕೆ ಸುರಿದರು. "ಸಬೂರ್ ಮಾಡ್ರಿ, ಇದ್ರ ಇಲ್ಲೇ ಇರ್ತದ." ಇಬ್ಬರೂ ನೆಲದ ಮೇಲೆ ಕೂತು ಹುಡುಕಿದೆವು. ಎರಡು ತಾಸಿನ ಮೇಲೆ ಆ ಮಾದರಿಯ ಎರಡು ಫೋನು ಸಿಕ್ಕವು. ಅವರು ಕ್ಯಾಮೆರಾಗಳನ್ನು ಬಿಚ್ಚಿ, ನನ್ನ ಯಂತ್ರದ ಪಕ್ಕ ಹಿಡಿದು ಹುಬ್ಬೇರಿಸಿದರು.

"ಇದರ ತುದಿ ಬ್ಯಾರೆ, ಅದರ ಬಾಯಿ ಬ್ಯಾರೆ. ಹ್ಯಾಂಗ ಕೂಡ್ತಾವ್ರಿ?"

ಕ್ಯಾಮೆರಾ ಒಂದೇ ಆದರೂ ತುದಿಯ ಕನೆಕ್ಟರ್ ಹೇಗಿರಬೇಕೆಂದು ಮಾತ್ರ ಆ ನಿಯಮ ಹೇಳುವುದಿಲ್ಲ. ತಂತಿಗಳನ್ನು ಒಂದೊಂದಾಗಿ ಬೆಸೆಯಬೇಕು ಎಂದೆ.

"ನನ್ನ ಕಣ್ಣಿಗೆ ಆಗಂಗಿಲ್ರಿ. ಸುರಪುರದಾಗ ಲಕ್ಷ್ಮಿ ಅಂತ ಅದಾಳ. ಆಕಿ ಕೈಲೆ ಆಗ್ಲಿಲ್ಲಂದ್ರ ಈ ಜಿಲ್ಲಾದಾಗ ಯಾರ ಕೈಲೂ ಆಗಂಗಿಲ್ಲ."

ಸುರಪುರ ಇನ್ನೊಂದು ಮುಕ್ಕಾಲು ಗಂಟೆಯ ದಾರಿ. ಬಸ್ ನಿಲ್ದಾಣದಿಂದ ಏರುವ ರಸ್ತೆಯಲ್ಲಿ ಲಕ್ಷ್ಮಿಯ ಮೊಬೈಲ್ ರಿಪೇರಿ ಅಂಗಡಿ. ಮೂವತ್ತರ ಆಸುಪಾಸಿನ ಹೆಂಗಸು. ಕುರಿ ಸಾಕುವ ಮನೆಯವಳು. "ಮರಿಗೋಳ ಕಾಲಾಗಿನ ಜಾಲಿಮುಳ್ಳ ತಗದು ತಗದು ಕೈ ನಡಗೂದು ಬಿಟ್ಟದ ನೋಡ್ರಿ" ಎಂದು ಬೆರಳು ಚಾಚಿ ತೋರಿಸಿದಳು. ಯಾವ ತಂತಿ ಎಲ್ಲಿಗೆ ಎಂದು ನಾನು ಬರೆದುಕೊಂಡಿದ್ದ ನಕ್ಷೆ ಬಿಡಿಸಿಟ್ಟೆ.

"ಅಕ್ಕೋರೆ, ಒಂದನೇ ತಂತಿ ಯಾವ ಕಡಿಂದ ಎಣಿಸಬೇಕಂತ ಮೊದ್ಲ ಮೀಟರ್ ಹಚ್ಚಿ ನೋಡೋಣೇನ್ರಿ?"

"ಬ್ಯಾಡವ್ವಾ. ಹದಿನೆಂಟು ವರ್ಷದಿಂದ ಇದನ್ನ ಕಲಿಸಾಕತ್ತೀನಿ, ನಂಗೊತ್ತದ" ಎಂದುಬಿಟ್ಟೆ.

ಅವಳು ಸೂಕ್ಷ್ಮದರ್ಶಕದ ಕೆಳಗೆ ಕೂದಲೆಳೆಯಂಥ ತಾಮ್ರದ ತಂತಿಗಳನ್ನು ಬೆಸೆದಳು. ಯಂತ್ರ ಚಾಲೂ ಮಾಡಿದೆ. ಕ್ಯಾಮೆರಾ ಬಿಸಿಯಾಯಿತು, ಸುಟ್ಟ ವಾಸನೆ ಬಂತು, ಅದರ ಕಥೆ ಮುಗಿಯಿತು. ಪುಣ್ಯಕ್ಕೆ ಯಂತ್ರಕ್ಕೆ ಏನೂ ಆಗಲಿಲ್ಲ. ನಾನು ಎಣಿಸಿದ್ದೇ ತಿರುಗುಮುರುಗು. ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಲಕ್ಷ್ಮಿ ಚಹಾ ತರಿಸಿದಳು, ಮೀಟರನ್ನು ನನ್ನ ಕೈಗೆ ಕೊಟ್ಟಳು.

"ಇನ್ನೊಂದು ಕ್ಯಾಮೆರಾ ಅದಲ್ರಿ. ಈಗ ನೀವು ಅಳೀರಿ, ನಾ ಬೆಸೀತೀನಿ."

ಒಂದೊಂದು ತಂತಿಯನ್ನೂ ಎರಡೆರಡು ಸಲ ಅಳೆದೆ. ನಾನು ಹೂಂ ಅಂದ ಮೇಲೆ ಅವಳು ಮುಂದಿನದಕ್ಕೆ ಕೈ ಹಾಕುತ್ತಿದ್ದಳು. ಐದು ಗಂಟೆಗೆ ಕೊನೆಯ ತಂತಿ ಕೂತಿತು. ಮತ್ತೆ ಚಾಲೂ ಮಾಡಿದೆ. ಲಕ್ಷ್ಮಿ ಯಂತ್ರವನ್ನು ಬಾಗಿಲ ಕಡೆ ತಿರುಗಿಸಿದಳು. ಯಂತ್ರ ಗಟ್ಟಿಯಾಗಿ ಓದಿತು: "ಚಪ್ಪಲಿ ಹೊರಗೆ ಬಿಡಿರಿ."

ಅದು ಅಂಗಡಿಯ ಬಾಗಿಲಿಗೆ ಅವಳೇ ಬರೆದು ಅಂಟಿಸಿದ್ದ ಹಾಳೆ! ಲಕ್ಷ್ಮಿ ಚಪ್ಪಾಳೆ ತಟ್ಟಿ ಎದ್ದು ನಿಂತಳು. "ನನ್ನ ಅಕ್ಷರಾನ ಓದ್ತದಂದ್ರ ಪುಸ್ತಕ ಯಾವ ಲೆಕ್ಕಾರಿ!" ಪಕ್ಕದ ಅಂಗಡಿಯವರೆಲ್ಲ ಬಂದು ಒಂದೊಂದು ಕಾಗದ ಹಿಡಿದು ಓದಿಸಿ ನೋಡಿದರು.

ಹೊತ್ತು ಮುಳುಗುವ ಮೊದಲೇ ಶೇರ್ ಆಟೋ ಬೋನಾಳ ಮುಟ್ಟಿತು. ಕೆರೆಯ ತುಂಬ ಹಕ್ಕಿಗಳ ಗದ್ದಲ. ರತ್ನಾ ಅಂಗಳದಲ್ಲೇ ಕಾದಿದ್ದಳು. ಯಂತ್ರವನ್ನು ಕೈಗಿಟ್ಟೆ. ಒಳಗೆ ಹೋಗಿ ಹೊಸ ಪುಸ್ತಕ ತಂದು ಮೊದಲ ಪುಟ ಬಿಡಿಸಿದಳು. ಕಿವಿಗೆ ಹಚ್ಚಿಕೊಂಡು ಒಂದು ಪುಟ ಪೂರ್ತಿ ಕೇಳಿದಳು, ಎರಡನೆಯದನ್ನೂ ಕೇಳಿದಳು. ನಾನು ನಿಂತೇ ಇದ್ದೆ.

"ಸರೋಜಾ, ಕುಂದ್ರ" ಎಂದಳು ಕೊನೆಗೆ. "ರೊಟ್ಟಿ, ಪುಂಡಿಪಲ್ಯ ಮಾಡೀನಿ. ಉಣ್ಣು. ನಾ ಈ ಪಾಠ ಮುಗಿಸಿ ಬರ್ತೀನಿ."

ಭಾನುವಾರವಿಡೀ ಅವಳು ಪುಸ್ತಕ ಬಿಡಲಿಲ್ಲ. ಸೋಮವಾರ ನಾನೂ ಶಾಲೆಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಹೆಡ್‌ಮಾಸ್ತರರು ಬಾಗಿಲಲ್ಲಿ ನಿಂತಿದ್ದರು. ರತ್ನಾ ಒಂದು ಕಿವಿಯಲ್ಲಿ ಯಂತ್ರ ಕೇಳುತ್ತ, ಇನ್ನೊಂದು ಕಿವಿಯನ್ನು ಮಕ್ಕಳ ಕಡೆಗಿಟ್ಟು ಪಾಠ ನಡೆಸಿದಳು. ಹಿಂದಿನ ಸಾಲಿನ ಪಿಸುಮಾತನ್ನೂ ಬಿಡದೆ ಹಿಡಿದಳು. ಗಂಟೆ ಹೊಡೆದಾಗ ಹೆಡ್‌ಮಾಸ್ತರರು ಒಳಗೆ ಬಂದರು.

"ಟೀಚರ್, ನಾಳಿನ ಕ್ಲಾಸೂ ನೀವ ತಗೋರಿ."

"ನಾಳಿದಷ್ಟ ಅಲ್ರಿ ಸರ್," ರತ್ನಾ ಪುಸ್ತಕ ಮುಚ್ಚದೆ ಹೇಳಿದಳು, "ವರ್ಷಪೂರ್ತಿ ನಾನ ತಗೋತೀನಿ."

ಅವರು ನಕ್ಕು, "ಆಗ್ಲಿರಿ" ಎಂದರು.

ನಾನು ಹತ್ತಿದ ಮಧ್ಯಾಹ್ನದ ಬಸ್ಸು ಶಾಲೆಯ ಮುಂದೆಯೇ ಹಾದುಹೋಯಿತು. ತಿರುಗಿ ನೋಡಿದೆ. ತೆರೆದ ಕಿಟಕಿಯೊಳಗೆ ರತ್ನಾ ಕೈ ಎತ್ತಿ ಏನೋ ಕೇಳುತ್ತಿದ್ದಳು; ಉತ್ತರ ಹೇಳಲು ಇಡೀ ತರಗತಿ ಎದ್ದು ನಿಂತಿತ್ತು.